ಬದಿಯಡ್ಕದಿಂದ ಬರ್ಮಿಂಗ್‌ಹ್ಯಾಮಿಗೆ ಒಂದು ಥ್ಯಾಂಕ್ಸ್

2025ರ ಜುಲೈ 5ಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ನಾಲ್ಕು ಜನರ ರಾಕ್ ತಂಡ ಬ್ಲ್ಯಾಕ್ ಸಬತ್ ಕೊನೆಯ ಸಲ ವೇದಿಕೆ ಹತ್ತಿತು. ಅದೇ ತಿಂಗಳ 22ಕ್ಕೆ ಅದರ ಹಾಡುಗಾರ ಓಝಿ ಓಸ್ಬೋರ್ನ್ ತೀರಿಕೊಂಡರು. ಆಗಲೇ ನಾಲ್ಕು ಸಾಲು ಬರೆಯಬೇಕು ಅಂತಿದ್ದೆ. ಬಿಡದ ಮಳೆ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಓಡಾಟ, ಎಲ್ಲ ಸೇರಿ ಆಗಲಿಲ್ಲ. ಈಗ ಪುರುಸೊತ್ತಾಗಿದೆ. ನಾನು ಥ್ಯಾಂಕ್ಸ್ ಹೇಳಬೇಕಾದವರಲ್ಲಿ ನಾಲ್ಕು ಜನ ಇಂಗ್ಲೆಂಡಿನವರು. ಉಳಿದವರೆಲ್ಲ ನಮ್ಮ ಕಾಸರಗೋಡಿನವರೇ.

ಮೊದಲು ಇಚ್ಚನಿಗೆ. ನನ್ನ ಕ್ಲಾಸಿನ ಗೆಳೆಯನ ಅಣ್ಣ. ಅವನು ಹಾಗೆ ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. ದುಬೈಯಿಂದ ರಜೆಯಲ್ಲಿ ಬಂದಾಗ ಟೇಪ್ ರೆಕಾರ್ಡರ್, ಅತ್ತರು, ಟ್ಯಾಂಗ್ ಡಬ್ಬದ ಜೊತೆ ಒಂದು ಚೀಲ ಕ್ಯಾಸೆಟ್ ತಂದಿದ್ದರು. ಒಂದರ ಮೇಲೆ ಮಲಯಾಳದಲ್ಲಿ ಏನೋ ಬರೆದಿತ್ತು. ನಾನು ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತಿದ್ದೆ, ಓದಲು ಬರುತ್ತಿರಲಿಲ್ಲ. ಗೆಳೆಯ ಓದಿ, ಇದು ಮಾಪಿಳ್ಳೆ ಹಾಡು, ಅಂದರೆ ಕೇರಳದ ಮುಸ್ಲಿಮರ ಹಾಡು ಅಂದ. ಹಾಕಿದರೆ ಬಂದದ್ದು ಬ್ಲ್ಯಾಕ್ ಸಬತ್! ದುಬೈಯ ಯಾವುದೋ ರೂಮಿನಲ್ಲಿ ಯಾರೋ ಹಳೆ ಹಾಡಿನ ಮೇಲೆಯೇ ಇದನ್ನು ರೆಕಾರ್ಡ್ ಮಾಡಿದ್ದರು. ಪೂರ್ತಿ ಅಳಿಸಿರಲಿಲ್ಲ. ಸೈಡಿನ ಕೊನೆಗೆ ಗಿಟಾರ್ ಕಡಿದು ಹೋಗಿ, ದಫ್ಫು ಅನ್ನುವ ಕೈವಾದ್ಯದ ನಾಲ್ಕು ಪೆಟ್ಟು, ಅರ್ಧ ಸಾಲು ಮಾಪಿಳ್ಳೆ ಹಾಡು, ಆಮೇಲೆ ಟಕ್ ಅಂತ ಟೇಪ್ ನಿಲ್ಲುತ್ತಿತ್ತು. ಈಗಲೂ ಫೋನಿನಲ್ಲಿ ಆ ಹಾಡು ಮುಗಿದಾಗ ಕಿವಿ ದಫ್ಫಿಗೆ ಕಾಯುತ್ತದೆ. ಇಚ್ಚ, ನಿಮಗೆ ಇದೆಲ್ಲ ನೆನಪಿದೆಯೋ ಇಲ್ಲವೋ!

ಕಾಸರಗೋಡು ಬಸ್‌ಸ್ಟ್ಯಾಂಡಿನ ಹತ್ತಿರ ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿ ಕೊಡುವ ಅಂಗಡಿಯೊಂದಿತ್ತು. ಆ ಅಂಗಡಿಯವರಿಗೂ ಥ್ಯಾಂಕ್ಸ್. ಇದು ಹಾಡಾ ಮಾರಾಯ ಅಂತ ಪ್ರತಿ ಸಲ ಕೇಳುತ್ತಿದ್ದರು. ಪ್ರತಿ ಸಲ ತುಂಬಿಸಿಯೂ ಕೊಟ್ಟರು.

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಾಡಿನ ಒಂದು ಅಕ್ಷರವೂ ನನಗೆ ಅರ್ಥ ಆಗುತ್ತಿರಲಿಲ್ಲ. ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆದುಕೊಂಡು ಅವರ ಮುಂದೆ ಇಟ್ಟೆ. ಅವರು ಬೈಯಲಿಲ್ಲ. ವಿಯೆಟ್ನಾಂ ಯುದ್ಧದ ಕಾಲದ ಹಾಡು ಇದು, ಯುದ್ಧ ಮಾಡಿಸುವವರು ಮನೆಯಲ್ಲಿ ಕೂತಿರುತ್ತಾರೆ, ಸಾಯುವುದು ಬಡವರ ಮಕ್ಕಳು, ಇಷ್ಟೇ ವಿಷಯ ಅಂದರು. ಶಿಲುಬೆ, ಕಪ್ಪು ಬಟ್ಟೆ ನೋಡಿ ಇವರು ದೆವ್ವದ ಪೂಜೆಯವರು ಅಂತ ಸುಮ್ನೆ ಹೆದರಿದ್ದ ನನಗೆ ಆಗ ಧೈರ್ಯ ಬಂತು. ಹೆಚ್ಚಿನ ಸಾಲುಗಳನ್ನು ಬರೆದದ್ದು ತಂಡದಲ್ಲಿ ಬಾಸ್ ಗಿಟಾರ್ ನುಡಿಸುವ ಗೀಝರ್ ಬಟ್ಲರ್ ಅಂತ ಆಮೇಲೆ ಗೊತ್ತಾಯಿತು.

ಇನ್ನು ಗಿಟಾರಿನ ಟೋನಿ ಅಯೋಮಿ. ಈ ಮನುಷ್ಯನ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯಲ್ಲಿ ಕೆಲಸ. 17 ವರ್ಷ. ಅವತ್ತೇ ಕೆಲಸದ ಕೊನೆಯ ದಿನ. ಬಲಗೈಯ ಎರಡು ಬೆರಳಿನ ತುದಿ ಯಂತ್ರಕ್ಕೆ ಹೋಯಿತು. ಅವರು ಎಡಗೈಯಲ್ಲಿ ಮೀಟುವವರು, ಹಾಗಾಗಿ ತಂತಿ ಒತ್ತುವುದು ಬಲಗೈಯಲ್ಲೇ. ಇನ್ನು ನುಡಿಸುವುದೇ ಇಲ್ಲ ಅಂತ ಕೂತವರಿಗೆ ಕಾರ್ಖಾನೆಯ ಮೇಸ್ತ್ರಿ ಜಾಂಗೋ ರೈನಾರ್ಟನ ರೆಕಾರ್ಡು ತಂದು ಕೇಳಿಸಿದರಂತೆ. ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಮೇಲೂ ಎರಡೇ ಬೆರಳಲ್ಲಿ ಗಿಟಾರ್ ನುಡಿಸಿದವನು ಅವನು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿದರು. ಜಾರದಂತೆ ಮೇಲೆ ಹಳೆ ಜಾಕೆಟ್ಟಿನ ಚರ್ಮ ಅಂಟಿಸಿದರು. ದಪ್ಪ ತಂತಿ ನೋಯುತ್ತದೆ ಅಂತ ತೆಳು ತಂತಿ ಹಾಕಿದರು, ಆಮೇಲೆ ಶ್ರುತಿಯನ್ನೂ ಇಳಿಸಿದರು. 1970ರಲ್ಲಿ ತಂಡದ ಮೊದಲ ಆಲ್ಬಂ ಬಂತು. ರೆಕಾರ್ಡಿಂಗ್ ಒಂದೇ ದಿನದಲ್ಲಿ ಮುಗಿದಿತ್ತು. ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಶುರುವಾದದ್ದು ಅಲ್ಲಿಂದ ಅನ್ನುತ್ತಾರೆ. ನನ್ನನ್ನು ಕೇಳಿದರೆ ಆ ಸೋಪಿನ ಬಾಟಲಿಯಿಂದ.

ಈ ಕಥೆಯನ್ನು ಹೆಚ್ಚು ಸಲ ಹೇಳಿದ್ದು ಅಪ್ಪನಿಗೆ. ಅಪ್ಪ ಯಕ್ಷಗಾನದ ಮದ್ದಳೆಗಾರರು. ಮೇಳದವರಲ್ಲ, ಊರಿನ ಹವ್ಯಾಸಿ ತಂಡದವರು. ಕೈ ನಡುಗಲು ಶುರುವಾಯಿತು. ಡಾಕ್ಟರು ಪಾರ್ಕಿನ್ಸನ್ ಅಂದರು. ಅಪ್ಪ ಮದ್ದಳೆಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಹಾಕಿದರು. ಜನ ಕೈಯನ್ನೇ ನೋಡ್ತಾರೆ ಅಂತ ಮನೆಯಿಂದ ಹೊರಗೆ ಹೋಗುವುದನ್ನೂ ಬಿಟ್ಟರು. ಅಯೋಮಿಯ ಕಥೆ ಹೇಳಿದಾಗಲೆಲ್ಲ, "ಅವನಿಗೆ 17, ನನಗೆ ಎಷ್ಟು?" ಅನ್ನುತ್ತಿದ್ದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಜುಲೈ 5ರ ಆ ಶನಿವಾರ ದುಡ್ಡು ಕೊಟ್ಟು ಕೊನೆಯ ಕಾರ್ಯಕ್ರಮದ ಪ್ರಸಾರ ಹಾಕಿಸಿದೆ. ಫೋನಿನಿಂದ ಟಿವಿಗೆ ಬರುವ ಹಾಗೆ ಮಾಡಿಕೊಟ್ಟದ್ದು ತಂಗಿಯ ಮಗ, ಅವನಿಗೂ ಥ್ಯಾಂಕ್ಸ್. ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಸ್ಟೇಡಿಯಂ. ಇವರು ಬೆಳೆದ ಆಸ್ಟನ್ ಪೇಟೆಯಲ್ಲೇ ಇರುವುದು. ಮೆಟಾಲಿಕಾ, ಸ್ಲೇಯರ್, ಗನ್ಸ್ ಎನ್ ರೋಸಸ್ ತಂಡದವರು, ಎಲ್ಲರೂ ನುಡಿಸಿ ಹೋದ ಮೇಲೆ ಇವರ ಸರದಿ. 2017ರಲ್ಲೂ ಇದೇ ಊರಲ್ಲಿ ವಿದಾಯ ಹೇಳಿದ್ದರು, ಆದರೆ ಆಗ ಡ್ರಮ್ಮರ್ ಬಿಲ್ ವಾರ್ಡ್ ಇರಲಿಲ್ಲ. ಈ ಸಲ ನಾಲ್ಕೂ ಜನ. 2005ರ ನಂತರ ಮೊದಲ ಸಲ.

ಇಲ್ಲಿ ಬೆಳಗಿನ ಜಾವ. ಅಪ್ಪನಿಗೆ ಹೇಗೂ ನಿದ್ದೆ ಇಲ್ಲ, ಬಂದು ಕೂತರು. 76 ವರ್ಷದ ಓಝಿ ಕಪ್ಪು ಸಿಂಹಾಸನದಲ್ಲಿ ಕೂತು ಹಾಡುತ್ತಿದ್ದರು.

"ಇವನಿಗೆ ಎಂತ ಆಗಿದೆ?"

"ನಿಮಗೆ ಆದದ್ದೇ, ಅಪ್ಪ."

"ಪಾಪ ಅಜ್ಜ, ನಿಲ್ಲಲಿಕ್ಕೂ ಆಗುವುದಿಲ್ಲ," ಅಂದ ತಂಗಿಯ ಮಗ.

ಅಪ್ಪನಿಗೆ ಸಿಟ್ಟು ಬಂತು. "ಪಾಪ ಎಂತದ್ದು? ಭಾಗವತರು ನಿಂತು ಪದ ಹೇಳ್ತಾರಾ?"

ಆಮೇಲೆ ಪೂರ್ತಿ ನೋಡಿದರು. ಅಂಗಿ ಕಳಚಿ ಡ್ರಮ್ಸ್ ಬಾರಿಸುತ್ತಿದ್ದ 77ರ ವಾರ್ಡ್ ಮೇಲೆಯೇ ಅವರ ಕಣ್ಣು. "ಪೆಟ್ಟು ಸ್ವಲ್ಪ ಹಿಂದೆ ಬೀಳ್ತದೆ. ಆದ್ರೆ ಬಿಡುವ ಜನ ಅಲ್ಲ," ಅಂದರು. ಇಷ್ಟು ಹೊಗಳಿಕೆ ಊರಿನ ಯಾವ ಚೆಂಡೆಯವರಿಗೂ ಅಪ್ಪನಿಂದ ಸಿಕ್ಕಿದ್ದು ನಾನು ನೋಡಿಲ್ಲ. ಆ ಕಾರ್ಯಕ್ರಮದ ಹಣದಲ್ಲಿ ಒಂದು ಪಾಲು ಪಾರ್ಕಿನ್ಸನ್ ಸಂಶೋಧನೆಗೆ ಹೋಗುತ್ತದೆ ಅಂದಾಗ ಸುಮ್ಮನೆ ತಲೆ ಆಡಿಸಿದರು.

ಮದ್ದಳೆ ಅಟ್ಟದಿಂದ ಇಳಿಯಲಿಲ್ಲ. ಆದರೆ ಆಟಿ ತಿಂಗಳ ತಾಳಮದ್ದಳೆಗೆ ಅಪ್ಪ ಹೋದರು. ಹಿಮ್ಮೇಳದ ಪಕ್ಕದಲ್ಲೇ ಕೂತರು. ಓಝಿ ಹೋದ ಸುದ್ದಿ ಹೇಳಿದಾಗ, "ಆಟ ಮುಗಿಸಿ ಹೋದ" ಅಂದರು, ಅಷ್ಟೇ. ನನಗೆ ಮಾತ್ರ ಎರಡು ದಿನ ಕೆಲಸ ಓಡಲಿಲ್ಲ.

ಕೊನೆಗೆ ನಮ್ಮ ಲೈನ್‌ಮ್ಯಾನ್‌ಗಳಿಗೆ. ಜುಲೈಯಲ್ಲಿ ನಮ್ಮ ಕಡೆ ಒಂದು ರಾತ್ರಿ ಕರೆಂಟು ಹೋಗದೆ ಉಳಿದರೆ ಅದೇ ದೊಡ್ಡದು, ಅಲ್ವಾ? ಅವತ್ತು ಉಳಿಯಿತು. ಹೋದದ್ದು ಬೆಳಿಗ್ಗೆ ಎಂಟು ಗಂಟೆಗೆ. ಅಷ್ಟರಲ್ಲಿ ನಾವು ಅವಲಕ್ಕಿ ತಿಂದು ಮಲಗಿಯಾಗಿತ್ತು.