ಕಡ್ಲೆಪಪ್ಪು ಅರ್ಧ ಕೆಜಿ, ಮತ್ತೆ ಎಲ್ಲರಿಗೂ ಥ್ಯಾಂಕ್ಸ್

ಮಗಳ ಸ್ಪೀಚ್ ಥೆರಪಿ ಮುಗಿಯಿತು. ಇನ್ನು ಆಗಾಗ ಹೋಗಿ ತೋರಿಸಿಕೊಂಡು ಬಂದರೆ ಸಾಕಂತೆ. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ಕಳೆದ ವಾರ ಅವಳೇ ದಿನಸಿ ಅಂಗಡಿಗೆ ಫೋನ್ ಮಾಡಿ ಕಡ್ಲೆಪಪ್ಪು, ತೊಗರಿಬೇಳೆ, ಬೆಲ್ಲ ಹೇಳಿದಳು. ಅಂಗಡಿಯವರು ಕೇಳಿದ್ದು ಒಂದೇ ಮಾತು: "ಕಡ್ಲೆಪಪ್ಪು ಕಾಲು ಕೆಜಿನಾ, ಅರ್ಧನಾ?" "ಏನಂದೆ?" ಅನ್ನಲಿಲ್ಲ. "ಅಮ್ಮಂಗೆ ಕೊಡು ಪುಟ್ಟ" ಅನ್ನಲಿಲ್ಲ. ಮುಖ ನೋಡದೆ, ಬರೀ ದನಿ ಕೇಳಿ ಹೊರಗಿನವರಿಗೆ ಅವಳ ಮಾತು ತಿಳಿಯಿತು. ಇದೇ ಖುಷಿಯಲ್ಲಿ ಕೆಲವರ ಋಣ ನೆನೆದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅವಳು ಹುಟ್ಟುವಾಗಲೇ ತುಟಿ, ಒಸಡು, ಅಂಗುಳ ಮೂರೂ ಸೀಳಿದ್ದವು.

ಮೊದಲ ನಮಸ್ಕಾರ ನಮ್ಮ ಅತ್ತೆಗೆ. ಅಂಗುಳ ಸೀಳಿದ್ದರೆ ಮಗು ಬಾಯಲ್ಲಿ ಹಾಲು ಎಳೆದುಕೊಳ್ಳಲಾರದು. ಎಳೆದರೂ ಮೂಗಲ್ಲಿ ಬರುತ್ತದೆ. ಅತ್ತೆ ಅಟ್ಟದಿಂದ ಹಳೇ ಬೆಳ್ಳಿ ಒಳಲೆ ಇಳಿಸಿದರು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ನಾನು ಹಿಂಡಿಕೊಟ್ಟ ಹಾಲನ್ನು ಕೆನ್ನೆಯ ಪಕ್ಕದಿಂದ ಚೂರುಚೂರೇ ಬಿಡುತ್ತಿದ್ದರು. ಒಂದು ಗುಟುಕು, ಒಂದು ತೇಗು, ಮತ್ತೆ ಒಂದು ಗುಟುಕು. ನೋಡೋಕೆ ಬಂದವರು "ಗ್ರಹಣದಲ್ಲಿ ಹೊರಗೆ ಹೋಗಿದ್ಲಾ? ತರಕಾರಿ ಹೆಚ್ಚಿದ್ಲಾ?" ಅಂತ ಶುರುಮಾಡಿದರೆ ಅತ್ತೆಯ ಉತ್ತರ ರೆಡಿ: "ನಾನೂ ಗ್ರಹಣದಲ್ಲಿ ಈಳಿಗೆ ಮಣೆ ಮೇಲೆ ಕೂತೋಳೇ. ನನ್ನ ಮಗನ ತುಟಿ ನೆಟ್ಟಗಿಲ್ವಾ?" ತುಟಿ, ಅಂಗುಳ ಕೂಡಿಕೊಳ್ಳುವ ಕೆಲಸ ಬಸುರಿನ ಮೊದಲ ಮೂರು ತಿಂಗಳಲ್ಲೇ ನಡೆದುಹೋಗುತ್ತದೆ ಅಂತ ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಅತ್ತೆಗೆ ಅಷ್ಟೆಲ್ಲ ಬೇಕಾಗಿರಲಿಲ್ಲ.

ಊರಿನ ಆಶಾ ಅಕ್ಕನಿಗೆ ಎರಡನೇ ಥ್ಯಾಂಕ್ಸ್. ಮಕ್ಕಳ ತಪಾಸಣೆಗೆ ಬರುವ ಸರ್ಕಾರಿ ತಂಡಕ್ಕೆ ತೋರಿಸಿ, ಸ್ಮೈಲ್ ಟ್ರೈನ್ ಅನ್ನುವ ಸಂಸ್ಥೆಯ ನೆರವಿನಲ್ಲಿ ಆಪರೇಷನ್ ಫ್ರೀ ಆಗುತ್ತದೆ ಅಂತ ತಿಳಿಸಿದ್ದು ಅವರೇ. ಕೆಲವು ತಿಂಗಳ ಕೂಸಾಗಿದ್ದಾಗ ತುಟಿ, ವರ್ಷ ತುಂಬುವ ಹೊತ್ತಿಗೆ ಅಂಗುಳ. ಅಂಗುಳದ ಆಪರೇಷನ್ ಆದಮೇಲೆ ಬಾಯಿಗೆ ಕೈ ಹಾಕಬಾರದು ಅಂತ ಅವಳ ಎರಡೂ ಮೊಣಕೈಗೆ ಪಟ್ಟಿ ಕಟ್ಟಿದ್ದರು. ಕೈ ಮಡಚೋಕಾಗದೆ ಮನೆ ತುಂಬಾ ಸಿಟ್ಟಲ್ಲಿ ಓಡಾಡುತ್ತಿದ್ದಳು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡವರೇ ಜಾಸ್ತಿ. ನಿಜಕ್ಕೂ ಅಲ್ಲಿಂದಲೇ ಶುರು. ಅಂಗುಳದ ಹಿಂಭಾಗ ಮೆತ್ತಗಿರುತ್ತದಲ್ಲ, ಪ, ಬ, ಕ, ಗ ಅನ್ನುವಾಗ ಅದು ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು. ಮ, ನ ಅನ್ನುವಾಗ ಮಾತ್ರ ತೆರೆದಿರಬೇಕು. ಇವಳಿಗೆ ಹೊಲಿಗೆ ಚೆನ್ನಾಗಿ ಕೂಡಿತ್ತು, ಆದರೆ ಅಂಗುಳದ ಉದ್ದ ಸಾಲುತ್ತಿರಲಿಲ್ಲ. ಗಾಳಿಯೆಲ್ಲ ಮೂಗಿಗೆ. ಹಾಗಾಗಿ "ಅಪ್ಪ" ಅಂದರೂ "ಅಮ್ಮ" ಅಂತಲೇ ಕೇಳುತ್ತಿತ್ತು. ನಮ್ಮ ಯಜಮಾನರು ಎಷ್ಟೋ ದಿನ ಎರಡಕ್ಕೂ ಓಗೊಟ್ಟರು, ಪಾಪ. ಕ, ತ ಬರುವ ಕಡೆಯಲ್ಲಿ ಗಂಟಲನ್ನೇ ಗಕ್ಕನೆ ಹಿಡಿದು ಬಿಡುತ್ತಿದ್ದಳು. ಬಾಯಲ್ಲಿ ಗಾಳಿ ನಿಲ್ಲದ ಮಕ್ಕಳು ತಾವೇ ಕಂಡುಕೊಳ್ಳುವ ಉಪಾಯ ಅದು.

ಇಲ್ಲಿಂದ ಮುಂದೆ ನಮ್ಮನ್ನು ದಡ ಮುಟ್ಟಿಸಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನಮ್ಮ ಕಡೆಯವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. 1965ರಿಂದ ಇದೆ. ನಂಜನಗೂಡಿನ ಪಕ್ಕದಲ್ಲೇ ಇರುವ ನಮಗೂ ಅಲ್ಲಿ ಇಂಥ ಮಕ್ಕಳಿಗೆ ಪ್ರತ್ಯೇಕ ವಿಭಾಗ ಇದೆ ಅಂತ ಹೋದಮೇಲೇ ಗೊತ್ತಾಗಿದ್ದು. ಮೊದಲು ಕಿವಿ ನೋಡಿದರು. ಅಂಗುಳದ ಸ್ನಾಯುವೇ ಕಿವಿಯ ಒಳದಾರಿಯನ್ನೂ ತೆರೆಯುವುದಂತೆ. ಅದು ಸರಿಯಿಲ್ಲದಿದ್ದರೆ ಕಿವಿಯೊಳಗೆ ನೀರು ನಿಂತು ಕೇಳಿಸುವುದು ಮಂದವಾಗುತ್ತದೆ. ಇವಳಿಗೂ ಹಾಗೇ ಆಗಿತ್ತು. ಅದಕ್ಕೂ ಚಿಕಿತ್ಸೆ ಆಯಿತು. ಆಮೇಲೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಮಾತಾಡಿಸುತ್ತಲೇ ಅಂಗುಳ ಎಲ್ಲಿ ಮುಟ್ಟುತ್ತಿಲ್ಲ ಅಂತ ತೋರಿಸಿದರು. ಅದನ್ನು ನೋಡಿಯೇ ಅಂಗುಳಕ್ಕೆ ಎರಡನೇ ಆಪರೇಷನ್ ಮಾಡಿದ್ದು.

ಥೆರಪಿ ಮೇಡಂ, ನಿಮಗೆ ಎಷ್ಟು ಹೇಳಿದರೂ ಕಡಿಮೆ. ದಾರಿ ಸರಿಹೋದರೂ ಗಂಟಲು ಹಿಡಿಯುವ ಅಭ್ಯಾಸ ಹಾಗೇ ಉಳಿದಿತ್ತು. ಚಾಕು ಅದನ್ನು ತೆಗೆಯುವುದಿಲ್ಲ ಅಂತ ನೀವು ಮೊದಲ ದಿನವೇ ಹೇಳಿದಿರಿ. ಯಾರೋ ಹೇಳಿದರು ಅಂತ ನಾವು ಬಲೂನ್ ಊದಿಸುತ್ತಿದ್ದೆವು. "ಊದೋದು ಬೇರೆ, ಮಾತು ಬೇರೆ. ಬಲೂನ್ ಹಬ್ಬಕ್ಕೆ ಇಟ್ಕೊಳ್ಳಿ" ಅಂದು ನಕ್ಕಿರಿ. ಸಪೂರ ಟ್ಯೂಬಿನ ಒಂದು ತುದಿ ಅವಳ ಮೂಗಿನ ಹೊಳ್ಳೆಗೆ, ಇನ್ನೊಂದು ತುದಿ ಅವಳದೇ ಕಿವಿಗೆ ಇಟ್ಟು "ಪಾ ಪಾ" ಅನ್ನಿಸಿದಿರಿ. ಮೂಗಿಂದ ಗಾಳಿ ಹೋದರೆ ಕಿವಿಯಲ್ಲಿ ಬುಸ್ ಅನ್ನುತ್ತಿತ್ತು. ಬುಸ್ ಬರದ "ಪಾ" ಸಿಕ್ಕ ದಿನ ಅವಳು ಟ್ಯೂಬ್ ಕಿತ್ತು ನನ್ನ ಕಿವಿಗೆ ಚುಚ್ಚಿ "ಕೇಳು, ಕೇಳು" ಅಂದಳು. ಕೇಳೋಕೆ ಏನೂ ಇರಲಿಲ್ಲ. ಅದೇ ಅಲ್ವಾ ಬೇಕಾಗಿದ್ದು!

"ಕಾಗೆ ಕಾಲು ಕಪ್ಪು" ಅನ್ನುವ ವಾಕ್ಯವನ್ನು ತಾನೂ ಅವಳ ಜೊತೆ ಸಾವಿರ ಸಲ ಹೇಳಿದ ನನ್ನ ಮಗನಿಗೆ ಥ್ಯಾಂಕ್ಸ್. ಅದರಲ್ಲಿ ಮ, ನ ಒಂದೂ ಇಲ್ಲ, ಮೂಗಿಗೆ ಕೆಲಸವೇ ಇಲ್ಲ. ಚಾಮರಾಜನಗರ ಪ್ಯಾಸೆಂಜರ್‌ನಲ್ಲಿ ಅಣ್ಣ ತಂಗಿ ಅದನ್ನು ರಾಗವಾಗಿ ಹಾಡುತ್ತಿದ್ದರೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ತಾವೂ ಸೇರಿಕೊಂಡರು. ಅವರಿಗೂ ಒಂದು ನಮಸ್ಕಾರ.

ಅವಳು ಉತ್ತರ ಹೇಳುವಾಗ ಹಿಂದಿನಿಂದ ಮೂಗು ಹಿಡಿದು ಅಣಕಿಸಿದ ಮಕ್ಕಳ ಬಗ್ಗೆ ಏನೂ ಬರೆಯುವುದಿಲ್ಲ, ಮಕ್ಕಳಲ್ವಾ. ಆದರೆ ಅವಳ ವಾಕ್ಯ ಮುಗಿಯುವ ತನಕ ಕಾದು, ಆಮೇಲಷ್ಟೇ ಮುಂದಿನವರನ್ನು ಕೇಳುತ್ತಿದ್ದ ಕ್ಲಾಸ್ ಟೀಚರ್‌ನ ಮರೆಯುವುದಿಲ್ಲ.

ಇನ್ನೂ ಒಂದು ಆಪರೇಷನ್ ಬಾಕಿ ಇದೆ. ಕೋರೆಹಲ್ಲು ಇಳಿಯುವ ಮೊದಲು ಒಸಡಿನ ಸೀಳಿಗೆ ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಬೇಕು. ಆಮೇಲೆ ಹಲ್ಲಿಗೆ ಕ್ಲಿಪ್. ಇಷ್ಟು ವರ್ಷ ಕೇಳಿದಾಗಲೆಲ್ಲ ರಜೆ ಕೊಟ್ಟ ನಮ್ಮ ಗಾರ್ಮೆಂಟ್ಸ್ ಸೂಪರ್‌ವೈಸರ್ ಅಣ್ಣನಿಗೆ ಥ್ಯಾಂಕ್ಸ್. ಅಣ್ಣಾ, ಇದನ್ನು ಓದ್ತಿದ್ದರೆ, ಬೇಸಿಗೆಯಲ್ಲಿ ಮತ್ತೆ ಒಂದು ವಾರ ಬೇಕು.