ಕಾನೂನು ನೆರವಿನ ವಕೀಲರಿಗೆ ದಾವೆ ಹೂಡುವುದನ್ನೂ ಕಲಿಸಿ

ಸಂಪಾದಕರಿಗೆ ನಮಸ್ಕಾರ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿಯೂ ಇಲ್ಲ. ಆದರೆ ರಾಯಚೂರಿನಲ್ಲಿ ನಾನು ಕಂಡಂತೆ ಈ ನೆರವು ನೆನಪಾಗುವುದು ನೋಟಿಸ್ ಮನೆಗೆ ಬಂದ ಮೇಲೆಯೇ. ನಾವೇ ಮುಂದಾಗಿ ಕೇಸು ಹಾಕೋಣ ಅನ್ನುವವರು ಕಡಿಮೆ.

ನಮ್ಮ ಓಣಿಯ ಹೆಣ್ಣುಮಕ್ಕಳು ಹತ್ತಿ ಮಿಲ್ಲಿಗೆ ಹೋಗುತ್ತಾರೆ. ಕೂಲಿ ಬಾಕಿ ಇದೆ. ಕೈಯಲ್ಲಿರುವುದು ಮೇಸ್ತ್ರಿ ಪೆನ್ಸಿಲ್‌ನಲ್ಲಿ ಹಾಜರಿ ಬರೆದುಕೊಟ್ಟ, ಅಂಚು ಹರಿದ ಒಂದು ಸಣ್ಣ ನೋಟ್‌ಬುಕ್ ಅಷ್ಟೇ. ಅದನ್ನೇ ಸಾಕ್ಷ್ಯವಾಗಿ ಮುಂದಿಡುವುದು ಹೇಗೆ, ಮಾಲೀಕರ ಹತ್ತಿರ ಇರುವ ರಿಜಿಸ್ಟರನ್ನು ಆದೇಶ ಮಾಡಿಸಿ ತರಿಸುವುದು ಹೇಗೆ, ಹೆದರಿದ ಹೆಣ್ಣುಮಗಳ ಹತ್ತಿರ ಕೂತು ತಾರೀಖುಗಳನ್ನು ಸಮಾಧಾನವಾಗಿ ಕೇಳಿ ಬರೆದುಕೊಳ್ಳುವುದು ಹೇಗೆ, ಇದೆಲ್ಲ ಕಲಿಸಿದರೆ ಬರುವ ಕೆಲಸ ಅಲ್ವಾ?

ನೀರು ತಲುಪದ ನಾಲೆಯ ಕೊನೆಭಾಗದ ರೈತರದ್ದೂ ಇದೇ ಕಥೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮದಲ್ಲಿ, ಒಂದೇ ಹಿತಾಸಕ್ತಿ ಇರುವ ಎಲ್ಲರ ಪರವಾಗಿ ಒಬ್ಬರೇ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಸರ್ಕಾರದ ಮೇಲಾದರೆ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸ್ ಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು. ಬೆಳೆ ಒಣಗುತ್ತಿರುವಾಗ ಇದು ಗೊತ್ತಿರುವ ವಕೀಲರೇ ಬೇಕು.

ಸುಮ್ನೆ ಒಂದು ದಿನದ ಭಾಷಣ, ಸರ್ಟಿಫಿಕೇಟ್ ಬೇಡ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ವಕೀಲರ ಸಂಘ ಸೇರಿ, ಕಿರಿಯ ವಕೀಲರನ್ನು ಅನುಭವಿಗಳ ಜೊತೆ ಕೂರಿಸಿ ನಿಜವಾದ ಕೇಸುಗಳ ದಾವಾಪತ್ರ ಬರೆಸಲಿ.

- ಓದುಗ, ರಾಯಚೂರು