ಅರವತ್ತರ ನಂತರ ಮಕ್ಕಳ ಕಾದಂಬರಿ: ಪ್ರಸಂಗ ಬೇಡ, ತೆನೆಹಬ್ಬ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಕ್ರೈಸ್ತ ಹಿರಿಯರಲ್ಲಿ ಕೆಲವರು ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಕಾದಂಬರಿ ಬರೆಯಬೇಕೆಂದು ಕೂರುತ್ತಾರೆ. ಮೊಮ್ಮಕ್ಕಳಿಗೆ ನಂಬಿಕೆಯ ಸಂಗತಿ ತಿಳಿಯಬೇಕು, ಜೊತೆಗೆ ಕನ್ನಡವೂ ಬಾಯಲ್ಲಿ ಉಳಿಯಬೇಕು ಎಂಬುದು ಅವರ ಆಸೆ. ತುಂಬ ಒಳ್ಳೆಯ ಆಸೆಯೇ. ಆದರೆ ಇಂಥ ಹಸ್ತಪ್ರತಿ ಮೂರನೆಯ ಅಧ್ಯಾಯ ಮುಟ್ಟುವಷ್ಟರಲ್ಲಿ ಭಾನುವಾರದ ಪ್ರಸಂಗ, ಅಂದರೆ ಪಾದ್ರಿಯ ಉಪದೇಶವಾಗಿಬಿಡುತ್ತದೆ. ಕಥೆಯ ಹುಡುಗ ಮಾತಾಡುವುದನ್ನು ನಿಲ್ಲಿಸುತ್ತಾನೆ, ಅಜ್ಜ ಶುರುಮಾಡುತ್ತಾರೆ. ಹತ್ತು ವರ್ಷದ ಓದುಗ ಅಲ್ಲಿಗೆ ಪುಸ್ತಕ ಮುಚ್ಚುತ್ತಾನೆ. ಹೀಗಾಗದಂತೆ ಏನು ಮಾಡಬಹುದು ಎಂಬುದನ್ನು ಬಿಡಿಸಿ ಹೇಳುವುದಕ್ಕೆ ಈ ಪತ್ರ.

ಮೊದಲು ವಯಸ್ಸಿನ ಅಳುಕು. ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದಲ್ಲಿ 1820ರಲ್ಲಿ ಹುಟ್ಟಿದ ಆ್ಯನಾ ಸುವೆಲ್ ಬರೆದದ್ದು ಒಂದೇ ಕಾದಂಬರಿ, ಕುದುರೆಯೊಂದರ ಕಥೆಯಾದ ‘ಬ್ಲ್ಯಾಕ್ ಬ್ಯೂಟಿ’. 1871ರಲ್ಲಿ ಶುರುಮಾಡಿದ್ದು 1877ರಲ್ಲಿ ಅಚ್ಚಾಯಿತು, ಆಗ ಅವರಿಗೆ 57. ಹದಿನಾಲ್ಕನೇ ವಯಸ್ಸಿನಲ್ಲಿ ಬಿದ್ದು ಕಾಲಿಗೆ ಪೆಟ್ಟಾದ ಮೇಲೆ ಅವರು ಸರಿಯಾಗಿ ನಡೆದವರಲ್ಲ. ಕೊನೆಯ ವರ್ಷಗಳಲ್ಲಿ ಕೈಲಾದ ದಿನ ಚೀಟಿಗಳಲ್ಲಿ ಬರೆಯುತ್ತಿದ್ದರು, ಆಗದ ದಿನ ಬಾಯಲ್ಲಿ ಹೇಳುತ್ತಿದ್ದರು, ತಾಯಿ ಅದನ್ನು ಶುದ್ಧಪ್ರತಿ ಮಾಡುತ್ತಿದ್ದರು. ಆ ತಾಯಿ ಮೇರಿ ಸುವೆಲ್ ಅವರಿಗೂ ಪದ್ಯಗಳಿಂದ ಹೆಸರು ಬಂದದ್ದು ಅರವತ್ತರ ಹೊತ್ತಿಗೆ.

ಆ ಪುಸ್ತಕದಲ್ಲಿ ಧರ್ಮ ಎಲ್ಲಿದೆ ಎಂದು ನೋಡಿದರೆ ನಮ್ಮ ಹಿರಿಯರಿಗೆ ಬೇಕಾದ ಪಾಠ ಅಲ್ಲೇ ಸಿಗುತ್ತದೆ. ಗಾಡಿಯ ಕುದುರೆ ಠೀವಿಯಿಂದ ಕಾಣಲೆಂದು ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟುವ ಒಂದು ಲಗಾಮು ಆಗ ಶ್ರೀಮಂತರಲ್ಲಿ ರೂಢಿಯಲ್ಲಿತ್ತು. ಏರು ಹತ್ತುವಾಗ ಕುದುರೆ ತಲೆ ತಗ್ಗಿಸಿ ಮುಂದಕ್ಕೆ ಚಾಚಿ, ಹೆಗಲ ಬಲ ಹಾಕಿ ಎಳೆಯಬೇಕು. ಈ ಲಗಾಮು ಅದಕ್ಕೆ ಬಿಡುವುದಿಲ್ಲ, ನೋವೆಲ್ಲ ಬೆನ್ನಿಗೆ, ಕಾಲಿಗೆ ಬರುತ್ತದೆ. ಲೇಖಕಿ ಇದನ್ನು ಕುದುರೆಯ ಬಾಯಲ್ಲೇ ಹೇಳಿಸಿದರು. ದಯೆಯ ಬಗ್ಗೆ ಹತ್ತು ಪುಟ ಬರೆದಿದ್ದರೂ ಆಗದ ಕೆಲಸ ಆ ಒಂದು ತೊಗಲಿನ ಪಟ್ಟಿಯಿಂದ ಆಯಿತು. ಅವರು ಬರೆದದ್ದು ಕುದುರೆಗಳೊಂದಿಗೆ ದುಡಿಯುವವರಿಗಾಗಿ, ಕೈಗೆತ್ತಿಕೊಂಡು ಬಿಡದೆ ಓದಿದವರು ಮಕ್ಕಳು.

ನಮ್ಮಲ್ಲೂ ಹತ್ತಿರದ ನಿದರ್ಶನವಿದೆ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದ ಸಾಗರದ ನಾ. ಡಿಸೋಜ ಅವರು ಬರೆಯಲು ತೊಡಗಿದ್ದು ಬಹಳ ಮೊದಲೇ. ಆದರೆ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದ 2011ರಲ್ಲಿ ಅವರಿಗೆ 74. ದೊಡ್ಡವರಿಗಾಗಿ ಬರೆದ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಹೆಸರನ್ನೇ ನೋಡಿ. ‘ಇಗರ್ಜಿ’, ಅಂದರೆ ಚರ್ಚು, ಎಂದೊಡನೆ ಕರಾವಳಿ, ಮಲೆನಾಡಿನ ಒಂದು ಬದುಕೇ ಕಣ್ಣೆದುರು ನಿಲ್ಲುತ್ತದೆ.

ಹಿರಿಯರ ನಿಜವಾದ ಬಂಡವಾಳ ಇದೇ. ಅವರಿಗೆ ಗೊತ್ತಿರುವ ಹಬ್ಬ, ಹೆಸರು, ಅಡುಗೆ, ಪ್ರಾರ್ಥನೆ ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಬಂದಿರುವುದು ಬಹಳ ಕಡಿಮೆ. ಕರಾವಳಿಯ ಮೊಂತಿ ಫೆಸ್ತ್, ಅಂದರೆ ತೆನೆಹಬ್ಬವನ್ನೇ ತೆಗೆದುಕೊಳ್ಳಿ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಎಂಬ ಪ್ರಾರ್ಥನೆ. ಮಕ್ಕಳು ದಿನವೂ ಹೂ ತಂದು ಯೇಸುವಿನ ತಾಯಿ ಮರಿಯಳ ಬಾಲರೂಪದ ಮೂರ್ತಿಗೆ ಹಾಕುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಬರುತ್ತದೆ. ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕುಡಿಯುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಮೀನು ಮಾಂಸವಿಲ್ಲದ ಊಟ. ಪಲ್ಯ, ಪದಾರ್ಥಗಳ ಲೆಕ್ಕ ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯಲ್ಲೇ ಇರಬೇಕು.

ಇಲ್ಲಿ ಕಾದಂಬರಿಯ ಕಟ್ಟು ತಾನಾಗಿಯೇ ಇದೆ: ಒಂಬತ್ತು ದಿನ, ಒಂಬತ್ತು ಹೂಬುಟ್ಟಿ. ಫ್ಲ್ಯಾಟಿನಲ್ಲಿರುವ ಹುಡುಗಿಗೆ ಅಂಗಳವಿಲ್ಲ. ಬಿಡದೆ ಹೊಯ್ಯುವ ಮಳೆ. ಮೂರನೆಯ ದಿನ ಪಕ್ಕದ ಮನೆಯ ಬೇಲಿಯ ದಾಸವಾಳವನ್ನು ಕೇಳದೆ ಕೊಯ್ಯುತ್ತಾಳೆ. ದೇವರಿಗೆಂದು ಕಿತ್ತ ಹೂ ಕಳವೇ, ಅಲ್ಲವೇ? ಉಳಿದ ಆರು ದಿನ ಈ ಪ್ರಶ್ನೆ ಅವಳನ್ನು ಹಿಂಡಲಿ. ಅಷ್ಟು ಸಾಕು, ಅಜ್ಜ ಬಂದು ಹತ್ತು ಕಟ್ಟಳೆ ಓದಬೇಕಾಗಿಲ್ಲ.

ಕೊನೆಯನ್ನು ಹೇಗೆ ಬಿಡಬೇಕು ಎಂಬುದಕ್ಕೂ ಬೈಬಲೇ ಮಾದರಿ. ಲೂಕನ 15ನೇ ಅಧ್ಯಾಯದಲ್ಲಿ ಮನೆಬಿಟ್ಟುಹೋದ ಕಿರಿಮಗ ಮರಳಿ ಬಂದ. ಒಳಗೆ ಔತಣ, ಹಾಡು ಕುಣಿತ. ಹೊಲದಿಂದ ಬಂದ ಹಿರಿಮಗ ಸಿಟ್ಟಾಗಿ ಬಾಗಿಲಾಚೆಯೇ ನಿಂತ. ತಂದೆ ಹೊರಬಂದು ಬೇಡಿಕೊಂಡ. ಅವನು ಒಳಗೆ ಹೋದನೇ? ಯೇಸು ಹೇಳಲಿಲ್ಲ, ಕಥೆ ಅಲ್ಲಿಗೇ ನಿಂತಿತು. ಕೇಳಿದವರೆಲ್ಲ ಆ ಬಾಗಿಲ ಮುಂದೆ ನಿಂತು ಯೋಚಿಸಬೇಕಾಯಿತು. ಮಕ್ಕಳ ಕಾದಂಬರಿ ಬರೆಯುವವರು ಈ ಅಧ್ಯಾಯವನ್ನು ಭಕ್ತಿಯಿಂದ ಓದುವ ಹಾಗೆಯೇ ಕಸುಬಿನ ಕಣ್ಣಿಂದಲೂ ಒಮ್ಮೆ ಓದಬೇಕು.

ಇನ್ನು ಅಳತೆ. 10ರಿಂದ 13 ವಯಸ್ಸಿನ ಓದುಗರಿಗೆ 16,000 ಪದ ಸಾಕು: ಸಾವಿರ ಪದದ 16 ಅಧ್ಯಾಯ. ದಿನಕ್ಕೆ 400 ಪದ, ವಾರಕ್ಕೆ ಐದು ದಿನ ಬರೆದರೆ ಎಂಟು ವಾರಕ್ಕೆ ಮೊದಲ ಕರಡು ಮುಗಿಯುತ್ತದೆ. ಬೆಳಗಿನ ಹೊತ್ತು ಒಳ್ಳೆಯದು. ಕಣ್ಣು, ಸೊಂಟ ಎರಡಕ್ಕೂ ಮುಕ್ಕಾಲು ಗಂಟೆಗೊಮ್ಮೆ ಬಿಡುವು ಬೇಕು. ಬರೆಯುವಾಗ ಹಿಂದೆ ತಿರುಗಿ ತಿದ್ದುತ್ತ ಕೂತರೆ ಮೊದಲ ಅಧ್ಯಾಯವೇ ವರ್ಷ ಹಿಡಿಯುತ್ತದೆ. ಕರಡನ್ನು ಒಂದು ತಿಂಗಳು ಮುಚ್ಚಿಟ್ಟು, ಆಮೇಲೆ ಗಟ್ಟಿಯಾಗಿ ಓದಬೇಕು. ಸಾವಿರ ಪದ ಓದಲು ಸುಮಾರು ಹತ್ತು ನಿಮಿಷ. ನಾಲ್ಕೈದು ಮಕ್ಕಳನ್ನು ಕೂರಿಸಿಕೊಳ್ಳಿ, ಅವರಲ್ಲಿ ಇಗರ್ಜಿಗೆ ಹೋಗದ ಮಕ್ಕಳೂ ಇರಲಿ. ಯಾವ ಸಾಲಿಗೆ ಅವರ ಕಣ್ಣು ಕಿಟಕಿಯತ್ತ ಹೋಯಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಅಜ್ಜಿಗೆ ಬೇಸರವಾದೀತೆಂದು ಹೌದು ಅಂದುಬಿಡುತ್ತಾರೆ. ‘ಮುಂದೇನಾಗಬಹುದು?’ ಎಂದು ಕೇಳಿ.

ಪ್ರಾರ್ಥನೆಯ ದೃಶ್ಯದಲ್ಲಿ ಎಡವುವವರೇ ಹೆಚ್ಚು. ತಪ್ಪು ಮಾಡಿದ ಹುಡುಗ ‘ಪರಲೋಕದಲ್ಲಿರುವ ತಂದೆಯೇ, ಪಾಪಿಯಾದ ನನ್ನನ್ನು ಕ್ಷಮಿಸು’ ಎಂದು ಐದು ಸಾಲು ಒಪ್ಪಿಸುತ್ತಾನೆ. ಅದು ದೊಡ್ಡವರ ಪ್ರಾರ್ಥನೆ, ಮಗುವಿನ ಬಾಯಿಗೆ ತುರುಕಿದ್ದು. ಕಾಣಿಕೆಗೆ ಕೊಟ್ಟ ಇಪ್ಪತ್ತು ರೂಪಾಯಿಯಲ್ಲಿ ಅವನು ಐಸ್‌ಕ್ರೀಂ ತಿಂದಿದ್ದಾನೆ ಅನ್ನಿ. ಭಾನುವಾರ ಕಾಣಿಕೆ ಚೀಲ ಸಾಲಿನುದ್ದಕ್ಕೂ ಬರುತ್ತದೆ. ಅವನು ಮುಷ್ಟಿ ಬಿಗಿಹಿಡಿದು ಚೀಲದೊಳಗೆ ಕೈ ಇಳಿಸಿ, ಬೆರಳು ಬಿಡಿಸಿ, ಬರಿಗೈ ಹೊರತೆಗೆಯುತ್ತಾನೆ. ಪಕ್ಕದಲ್ಲಿ ಕೂತ ತಂಗಿ ಅವನ ಅಂಗೈಯನ್ನೇ ನೋಡುತ್ತಾಳೆ. ಇಷ್ಟು ಬರೆದರೆ ಪಾಪನಿವೇದನೆಯ ಒಂದು ಪುಟ ಬರೆಯುವುದು ತಪ್ಪಿತು. ಹಾಗೆಯೇ ಪ್ರಾರ್ಥಿಸಿದ್ದಕ್ಕೆ ಕಳೆದ ಸೈಕಲ್ ಸಿಕ್ಕಿತು, ಕೊನೆಯ ಪುಟದಲ್ಲಿ ಅಪ್ಪನ ಕಾಯಿಲೆ ವಾಸಿಯಾಯಿತು ಎಂಬ ಮುಕ್ತಾಯಗಳು ಮಕ್ಕಳ ನಂಬಿಕೆಗೇ ಪೆಟ್ಟು. ಪ್ರಾರ್ಥಿಸಿದ ಮೇಲೂ ಅಜ್ಜಿಯನ್ನು ಕಳೆದುಕೊಂಡ ಮಗು ಆ ಪುಟ ಓದಿ ತನ್ನ ಪ್ರಾರ್ಥನೆಯಲ್ಲೇ ತಪ್ಪಿತ್ತು ಅಂದುಕೊಳ್ಳುತ್ತದೆ. ಕುಡುಕ, ಕಳ್ಳ, ಕೇಡಿಗ ಎಲ್ಲರೂ ಬೇರೆ ಮತದವರೇ ಆಗಿರುವ ಹಸ್ತಪ್ರತಿಯನ್ನಂತೂ ಅಲ್ಲಿಗೇ ಪಕ್ಕಕ್ಕಿಡಬೇಕು.

ಹೆಸರು, ಮಾತು ಎರಡರಲ್ಲೂ ಎಚ್ಚರ ಬೇಕು. ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಯಲ್ಲಿ ಪಿಂಟೊ, ಲೋಬೊ ಸರಿ. ಬೆಂಗಳೂರು ಸುತ್ತಲಿನ ಹಳೆಯ ಕನ್ನಡ ಕಥೋಲಿಕ ಹಳ್ಳಿಗಳಲ್ಲಿ ಅಜ್ಜಂದಿರು ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ. ರಾಯಪ್ಪ ಎಂದರೆ ಪೇತ್ರ, ಚಿನ್ನಪ್ಪ ಎಂದರೆ ಪೌಲ, ಇನ್ನಾಸಪ್ಪ ಎಂದರೆ ಇಗ್ನೇಷಿಯಸ್. ಆ ಮನೆಯ ಮೊಮ್ಮಗ ‘ನಮ್ಮಜ್ಜನ ಹೆಸರು ಯಾಕೆ ಹೀಗೆ’ ಎಂದು ಹುಡುಕಹೊರಟರೆ ಅದೇ ಒಂದು ಕಥೆ. ಧಾರವಾಡದ ಪ್ರಾಟೆಸ್ಟೆಂಟ್ ಹುಡುಗಿ ಹೋಗುವುದು ಸಂಡೇ ಸ್ಕೂಲಿಗೆ ಮತ್ತು ಆರಾಧನೆಗೆ. ಅವಳ ಬಾಯಲ್ಲಿ ಸುವಾರ್ತೆ, ಯೋಹಾನ, ಯೆಹೋವ. ಕಥೋಲಿಕ ಹುಡುಗ ಹೋಗುವುದು ಬಲಿಪೂಜೆಗೆ. ಅವನಿಗೆ ಅದು ಶುಭಸಂದೇಶ, ಯೊವಾನ್ನ, ಸರ್ವೇಶ್ವರ. ಇವು ಅದಲುಬದಲಾದರೆ ಒಳಗಿನ ಓದುಗರಿಗೆ ಮೊದಲ ಪುಟದಲ್ಲೇ ನಂಬಿಕೆ ಹೋಗುತ್ತದೆ. ಹೊರಗಿನ ಓದುಗರಿಗಾಗಿ ಅಡಿಟಿಪ್ಪಣಿ ಬೇಡ. ಕ್ರಿಸ್‌ಮಸ್ಸಿನ ಗೋದಲಿ ಎಂದರೇನು ಎಂದು ಬರೆಯುವ ಬದಲು ಮಕ್ಕಳು ಹುಲ್ಲು ತಂದು, ಮಣ್ಣು ಕಲಸಿ, ಕುರಿಯ ಮುರಿದ ಕಾಲಿಗೆ ಅಂಟು ಹಚ್ಚಿ ಗೋದಲಿ ಕಟ್ಟಲಿ, ಅರ್ಥ ತಾನಾಗಿ ಬರುತ್ತದೆ.

ಕಾಲವನ್ನೂ ಗಟ್ಟಿಮಾಡಿಕೊಳ್ಳಬೇಕು. ಕಥೆ 1968ರದ್ದೋ ಈಗಿನದ್ದೋ ಎಂದು ಹಾಳೆಯ ಮೇಲೆ ಮೊದಲೇ ಬರೆದಿಟ್ಟುಕೊಳ್ಳಿ. ಕೈಯಲ್ಲಿ ಮೊಬೈಲ್ ಹಿಡಿದ ಹುಡುಗ ನಾಲ್ಕಾಣೆ ಕಾಣಿಕೆ ಹಾಕುವಂತಿಲ್ಲ.

ಅಚ್ಚಿನ ವಿಷಯ. ಸಾಮಾನ್ಯ ಕಾದಂಬರಿಗಳ ಅಳತೆಯಾದ ಡೆಮಿ 1/8 ಆಕಾರದಲ್ಲಿ, 14 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 200 ಪದ ಹಿಡಿಸುತ್ತದೆ. 16,000 ಪದಕ್ಕೆ 80 ಪುಟ, ಚಿತ್ರಗಳಿಗೆ 8, ಮೊದಲ ಪುಟಗಳಿಗೆ 8, ಒಟ್ಟು 96. ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟಿಗೆ ಫಾರಂ ಎನ್ನುತ್ತಾರೆ, ಅಂದರೆ ಇದು ಸರಿಯಾಗಿ ಆರು ಫಾರಂ. 98 ಪುಟವಾದರೆ ಏಳನೆಯ ಫಾರಂ ಹಿಡಿಯಬೇಕಾಗುತ್ತದೆ, ಖರ್ಚು ಏರುತ್ತದೆ. ಮೊದಲು ಡಿಜಿಟಲ್ ಮುದ್ರಣದಲ್ಲಿ 100 ಪ್ರತಿ ಸಾಕು. ಸಾವಿರ ಪ್ರತಿ ಹಾಕಿಸಿ ಮಂಚದಡಿ ಇಟ್ಟುಕೊಳ್ಳುವುದು ಬೇಡ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದಕ್ಕಾಗಿ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವಾಗ, ಕ್ರೈಸ್ತ ಹೆಸರುಗಳಿಗೆಂದೇ ಕಾದಿರುವ ತೊಡಕೊಂದಿದೆ. ಜಾನ್‌ಸನ್, ಆಲ್‌ವಿನ್, ವಿನ್‌ಸೆಂಟ್ ಇವುಗಳಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಮೊಬೈಲು, ಕಂಪ್ಯೂಟರುಗಳೆಲ್ಲ ಓದಬಲ್ಲ ಯುನಿಕೋಡ್ ಪಠ್ಯವನ್ನು ಡಿಟಿಪಿಗೆ ಬಳಸುವ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅದು ಬಿದ್ದುಹೋದರೆ ಜಾನ್ಸನ್, ಆಲ್ವಿನ್, ವಿನ್ಸೆಂಟ್ ಎಂದು ಒತ್ತಕ್ಷರಗಳಾಗಿ ಬರುತ್ತವೆ. ಹೊಸದಾಗಿ ಓದುವ ಮಗು ಅಲ್ಲಿ ತಡವರಿಸುತ್ತದೆ, ಒಂದೇ ಹೆಸರು ಎರಡು ರೂಪದಲ್ಲಿ ಕಂಡರೆ ಇಬ್ಬರು ಹುಡುಗರೆಂದೇ ತಿಳಿಯುತ್ತದೆ. ಕರಡಚ್ಚು ತಿದ್ದುವಾಗ ಹೆಸರುಗಳ ಪಟ್ಟಿ ಪಕ್ಕದಲ್ಲಿರಲಿ.

ಹಕ್ಕುಗಳ ಬಗ್ಗೆ ಹಿರಿಯರು ಸಂಕೋಚಪಡುತ್ತಾರೆ, ಪಡಬಾರದು. ಆ್ಯನಾ ಸುವೆಲ್ ಹಸ್ತಪ್ರತಿಯನ್ನು ಒಂದೇ ಕಂತಿನ ಹಣಕ್ಕೆ ಪೂರ್ತಿ ಮಾರಿದರು. ಪ್ರಕಟವಾದ ಐದೇ ತಿಂಗಳಿಗೆ, 1878ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಲಕ್ಷಗಟ್ಟಲೆ ಮಾರಿದ ಆ ಪುಸ್ತಕದಿಂದ ಮನೆಯವರಿಗೆ ಮುಂದೇನೂ ಬರಲಿಲ್ಲ. ಎಷ್ಟು ಪ್ರತಿ, ಎಷ್ಟು ವರ್ಷ, ಮುಖಬೆಲೆಯ ಶೇಕಡಾ ಎಷ್ಟು ಗೌರವಧನ ಎಂಬುದು ಬರಹದಲ್ಲಿರಲಿ, ಗ್ರಂಥಸ್ವಾಮ್ಯ ನಿಮ್ಮಲ್ಲೇ ಉಳಿಯಲಿ. ನಮ್ಮ ದೇಶದಲ್ಲಿ ಅದು ಲೇಖಕರ ನಿಧನದ ನಂತರವೂ 60 ವರ್ಷ ಇರುತ್ತದೆ. ಈಚಿನ ಬೈಬಲ್ ಅನುವಾದಗಳಿಗೂ ಕೀರ್ತನೆಗಳಿಗೂ ಇದೇ ಕಾನೂನು. ಒಂದೆರಡು ವಾಕ್ಯಕ್ಕಿಂತ ಹೆಚ್ಚು ಎತ್ತಿಕೊಳ್ಳುವುದಿದ್ದರೆ ಪ್ರಕಾಶಕರಿಂದ ಪತ್ರಮುಖೇನ ಒಪ್ಪಿಗೆ ಪಡೆಯಿರಿ.

ಕೊನೆಯದಾಗಿ ಎರಡು ಬೇಡಿಕೆ. ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ ಯುವ ಬರಹಗಾರರಿಗೆಂದೇ ಇದೆ, ಅದು ಹಾಗೇ ಇರಲಿ. ಅದರ ಜೊತೆಗೆ ಅರವತ್ತು ದಾಟಿ ಮೊದಲ ಮಕ್ಕಳ ಪುಸ್ತಕ ಬರೆದವರಿಗೂ, ಅವರು ಯಾವ ಮತದವರೇ ಆಗಿರಲಿ, ವರ್ಷಕ್ಕೆ ನಾಲ್ಕು ಕೃತಿಗಳಿಗಾದರೂ ನೆರವು ಸಿಗಲಿ. ಇನ್ನೊಂದು ತಮ್ಮಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್. ಪತ್ರಿಕೆಗೂ ಈ ಸಮುದಾಯಕ್ಕೂ ನಂಟು ಅಷ್ಟು ಹಳೆಯದು. ತಮ್ಮ ಭಾನುವಾರದ ಪುರವಣಿಯ ಮಕ್ಕಳ ಪುಟದಲ್ಲಿ ವಾರಕ್ಕೆ 700 ಪದದ ಒಂದು ಕಂತಿನಂತೆ, ಹನ್ನೆರಡು ವಾರದ ಕಿರುಕಾದಂಬರಿಗೆ ಜಾಗ ಕೊಡಿ. ಮೊದಲ ಕಂತು ಆಗಸ್ಟ್ ಕೊನೆಯ ಭಾನುವಾರ ಬಂದರೆ ನೊವೆನಾಕ್ಕೆ ಹೂ ಕೊಯ್ಯುವ ಮಕ್ಕಳ ಕೈಗೆ ಸರಿಯಾಗಿ ಸಿಗುತ್ತದೆ.

ಇತಿ,
ಮಕ್ಕಳ ಪುಸ್ತಕಗಳ ಓದುಗರೊಬ್ಬರು, ಮಂಗಳೂರು